ಲಿಫ್ಟಿನಲ್ಲಿ ಒಂಬತ್ತನೆಯವರು

"ಒಂಬತ್ತು ಜನ ಆದ್ರಿ ಮೇಡಂ. ಎಂಟಕ್ಕಿಂತ ಜಾಸ್ತಿ ಬಿಡಲ್ಲ, ಒಬ್ಬರು ಇಳೀರಿ," ಎಂದು ಆಸ್ಪತ್ರೆಯ ಲಿಫ್ಟಿನವನು ಬಾಗಿಲಿಗೆ ಕೈ ಅಡ್ಡ ಹಿಡಿದ.

"ಎಂಟೇ ಇದೀವಲ್ರೀ!" ವೈದ್ಯೆ ಸಿಡುಕಿದಳು. ಮೇಲೆ ಆಪರೇಷನ್ ಕೋಣೆಯಲ್ಲಿ ಎಲ್ಲರೂ ತುದಿಗಾಲಲ್ಲಿ ಕಾಯುತ್ತಿದ್ದರು. ಲಿಫ್ಟಿನವನು ಸ್ಟ್ರೆಚರ್ ಕಡೆ ನೋಡಿದ. "ಮತ್ತೆ, ಮಲಗಿರೋ ಯಜಮಾನ್ರು?"

"ಅವರನ್ನ ಎಣಿಸ್ಬೇಡಿ. ಮೆದುಳು ನಿನ್ನೆನೇ ಸತ್ತುಹೋಗಿದೆ. ಉಸಿರಾಡ್ತಿರೋದು ಮೆಷಿನ್ನು." ಬೆಳಿಗ್ಗೆ ಇದೇ ಮಾತನ್ನು ನಂಬಿ ಅವನ ಹೆಂಡತಿ ಅಂಗಾಂಗ ದಾನಕ್ಕೆ ಸಹಿ ಹಾಕಿದ್ದಳು. ಈಗ ಅವನ ಚಪ್ಪಲಿಗಳಿದ್ದ ಚೀಲವನ್ನು ಅವಚಿಕೊಂಡು, ಏರಿಳಿಯುತ್ತಿದ್ದ ಅವನ ಎದೆಯನ್ನೇ ನೋಡುತ್ತ ನಿಂತಿದ್ದಳು.

ಲಿಫ್ಟಿನವನು ಗೊಣಗುತ್ತ ಗುಂಡಿ ಒತ್ತಿದ. ಸ್ಟ್ರೆಚರಿನಿಂದ ಜೋತುಬಿದ್ದಿದ್ದ ಕೈ ಮುಚ್ಚುತ್ತಿದ್ದ ಬಾಗಿಲಿಗೆ ಸಿಕ್ಕಿತು. "ಅಯ್ಯೋ!" ವೈದ್ಯೆ ಎಲ್ಲರನ್ನೂ ತಳ್ಳಿಕೊಂಡು ನುಗ್ಗಿ ಬಾಗಿಲು ದಬ್ಬಿದಳು; ಆ ಬೆರಳುಗಳನ್ನು ಅಂಗೈಯಲ್ಲಿಟ್ಟು ಉಜ್ಜಿದಳು. "ಸಾರಿ ಸಾರ್, ನೋವಾಯ್ತಾ?"

ಹೆಂಡತಿಯ ನೋಟ ಈಗ ವೈದ್ಯೆಯ ಮೇಲಿತ್ತು. ವೈದ್ಯೆ ಅವನ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿ, ತಲೆ ತಗ್ಗಿಸಿಕೊಂಡು ಲಿಫ್ಟಿನಿಂದ ಇಳಿದಳು.

"ಈಗ ಎಂಟು," ಎಂದ ಲಿಫ್ಟಿನವನು.