ಒಂದು ನಿಮಿಷ ತಡ

ಕಬಡ್ಡಿ ಫೈನಲ್‌ನ ಲೈವ್ ಮೇಲೆ ಅಂಕ, ಹೆಸರು, ಜಾಹೀರಾತು ಹಾಕುವುದು ನನ್ನ ಕೆಲಸ. ನನ್ನ ಕಣ್ಣೆದುರೇ ಕೆಂಪರಾಜು ರೈಡಿಗೆ ಹೋದ. ಎದುರಾಳಿಗಳು ಎತ್ತಿ ಕುಕ್ಕಿದರು. ಕುತ್ತಿಗೆ ಮಡಿಸಿಕೊಂಡು ಬಿದ್ದವನು ಏಳಲಿಲ್ಲ. ಜನ ಸ್ಟ್ರೆಚರ್ ತರಲು ಓಡಿದರು. ಅಷ್ಟರಲ್ಲಿ, ಜಾಹೀರಾತು ಕೊಡುವವರಿಗೆಂದು ಲೈವ್‌ನಲ್ಲಿ ಹಾಕಿದ್ದ ನನ್ನ ನಂಬರಿಗೆ ಕರೆ ಬಂತು.

“ಕೆಂಪರಾಜನ ಅವ್ವ ಕಣಪ್ಪ. ಎಲ್ರ ಹೆಸರೂ ಬಂತಂತೆ, ನನ್ ಮಗನ್ದು ಮಾತ್ರ ಬಂದಿಲ್ವಂತೆ. ಒಡವೆ ಅಂಗಡಿ ಹೆಸರಿಗೆ ಜಾಗ ಐತೆ, ಅವನ ಹೆಸರಿಗಿಲ್ವಾ?”

ಇಲ್ಲಿ ಆದದ್ದು ಊರುಗಳ ಟಿವಿಯಲ್ಲಿ ಕಾಣುವುದು ಒಂದು ನಿಮಿಷ ತಡವಾಗಿ. ಈಗ ನಾನು ಚಿತ್ರಕ್ಕೆ ಏನು ಅಡ್ಡ ಹಾಕಿದರೂ, ಅದು ಅವನು ಬಿದ್ದ ಮೇಲೆಯೇ ಅಲ್ಲಿಗೆ ಮುಟ್ಟುವುದು. ಹಾಳಾದ ಲೈವ್!

“ಅವ್ವಾ, ಮೊದ್ಲು ಟಿವಿ ಆರಿಸು.”

“ಹೆಸರು ಹಾಕು ಅಂದ್ರೆ ಟಿವಿ ಆರಿಸು ಅಂತೀಯಲ್ಲ! ಯಾವ ಸೀಮೆ ಮನ್ಸ ನೀನು?”

“ಆರಿಸು ಅಂದ್ರೆ ಆರಿಸವ್ವ!” ಕಿರುಚಿದೆ.

“ಏನಂದೆ? ಸರಿಯಾಗಿ ಕೇಳಿಸ್ತಿಲ್ಲ.”

ಸದ್ಯ, ಒಂದು ದಾರಿ ಸಿಕ್ಕಿತು.

“ಒಳಗೆ ಸಿಗ್ನಲ್ ಇಲ್ಲ ಕಣವ್ವ. ಬೇಗ ಬೀದಿಗೆ ಬಾ. ನಿನ್ ಮಗನ ಹೆಸರು ದೊಡ್ಡದಾಗಿ ಹಾಕ್ತೀನಿ, ಬಾ!”

ಬಾಗಿಲು ಕಿರ್ರೆಂದಿತು. ನನಗೆ ಉಸಿರು ಬಂತು.

“ಬಂದೆ ಕಣಪ್ಪ. ನೀನು ಕರ್ದಿದ್ದೇ ಒಳ್ಳೇದಾಯ್ತು, ಒಲೆ ಮುಂದೆ ಕುಂತು ಏನೂ ನೋಡಿರ್ಲಿಲ್ಲ. ಹುಡುಗ್ರು ಬೀದೀಲಿ ದೊಡ್ ಪರದೆ ಕಟ್ಟವ್ರೆ. ಅಗೋ, ನನ್ ಮಗ ರೈಡಿಗೆ ಹೊಂಟ!”