ಹಸಿರು ಗುಂಡಿ

"ಆಯಿ, ಹಸರ ಗುಂಡಿ ಬಂತು! ಒತ್ರಿ, ಲಗೂನ ಒತ್ರಿ!"

ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ದುರ್ಗಾದೇವಿ ಕೂಗಿದಳು. ಒಲೆಯ ಪಕ್ಕ ಡಬ್ಬಿಗೆ ಆನಿಸಿಟ್ಟ ಫೋನಿನ ಎದುರು ಕೂತಿದ್ದ ಮಾರೆವ್ವ, ಅವಳ ಗಂಡನ ಅಜ್ಜಿ, ಬೆರಳನ್ನು ನಾಲಿಗೆಗೆ ತಾಗಿಸಿ ಗುಂಡಿ ಒತ್ತಿದಳು. ಮುದಿ ಬೆರಳು, ಒದ್ದೆ ಮಾಡದಿದ್ದರೆ ಫೋನಿಗೆ ಗುರುತೇ ಹತ್ತುತ್ತಿರಲಿಲ್ಲ. ನಿಂತಿದ್ದ ಪಾಠ ಮತ್ತೆ ಓಡತೊಡಗಿತು. ಪರದೆಯ ಮೇಲೆ ಕನ್ನಡಕದ ಮೇಡಂ ಕೈಯಾಡಿಸುತ್ತ, ಬಾಯಾಡಿಸುತ್ತ ಏನೋ ವಿವರಿಸುತ್ತಿದ್ದರು. ಸದ್ದು ಮಾತ್ರ ಇರಲಿಲ್ಲ.

"ಇನ್ನೂ ಎಷ್ಟ ಅದಾವ?" ಮಾರೆವ್ವ ಕೇಳಿದಳು.

"ಇದ ಕಡೀದು ಆಯಿ. ಇದೊಂದ ಮುಗದ್ರ ಪರೀಕ್ಷಾಕ್ಕ ಕುಂದ್ರಾಕ ಬಿಡ್ತಾರ."

ಮನೆಯಲ್ಲಿದ್ದೇ ಬಿ.ಎ. ಮಾಡುವ ಕೋರ್ಸು ಅದು. ಪುಸ್ತಕ ಗಿಸ್ತಕ ಏನಿಲ್ಲ, ಪಾಠವೆಲ್ಲ ವಿಡಿಯೋದಲ್ಲೇ. ಪೂರ್ತಿ ಓಡಿದರಷ್ಟೇ ಹಾಜರಿ. ಎದುರಿಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ನೋಡಲು ಆಗಾಗ ಹಸಿರು ಗುಂಡಿ ಮೂಡುತ್ತದೆ; ಒತ್ತದಿದ್ದರೆ ಪಾಠ ಮತ್ತೆ ಮೊದಲಿನಿಂದ ಶುರು. ಕುಷ್ಟಗಿಯ ಆ ಮನೆಯಲ್ಲಿ ದಾಳಿಂಬೆ ತೋಟದ ಆಳುಗಳಿಗೂ ಸೇರಿಸಿ ಎರಡು ಹೊತ್ತು ರೊಟ್ಟಿ ಬಡಿಯುವ ಸೊಸೆಗೆ ಹಿಟ್ಟಿಲ್ಲದ ಕೈ ಎಲ್ಲಿಂದ ಬರಬೇಕು? ಅದಕ್ಕೇ ಇಳಿವಯಸ್ಸಿನಲ್ಲಿ ಮಾರೆವ್ವನಿಗೆ ಈ ನೌಕರಿ ಹತ್ತಿದ್ದು.

ಸದ್ದಿಲ್ಲದ್ದಕ್ಕೂ ಒಂದು ಕಾರಣವಿತ್ತು. ಹೋದ ವರ್ಷ ದುರ್ಗಾ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುವಾಗ ಅತ್ತೆ ಹನುಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಗಂಟಲು ಹರಿಯುವಂತೆ ಕೂಗಿದರೂ ಇವಳಿಗೆ ಕೇಳಿಸಿರಲಿಲ್ಲ. ಅಂದೇ ಇಯರ್‌ಫೋನು ದೇವರ ಜಗಲಿಯ ಪಕ್ಕದ ಮೊಳೆ ಸೇರಿತು. ಫೋನನ್ನು ಜೋರಾಗಿ ಹಚ್ಚಿದರೆ ಪಡಸಾಲೆಯಲ್ಲಿ ಮಾವನಿಗೆ ಇಲ್ಲದ ಕೆಮ್ಮು ಏರುತ್ತಿತ್ತು. ಪಾಠಗಳು ಪೂರ್ತಿ ಓಡದೆ ಆ ವರ್ಷ ಅವಳು ನಪಾಸಾದಳು. "ಇನ್ನೊಂದ ಸಲ ಅಷ್ಟ. ಅದೂ ಮನಿ ಕೆಲಸ ಬಿಡದಂಗ" ಎಂದಿದ್ದಳು ಅತ್ತೆ. ಈ ಸಲವೂ ಹೋದರೆ ಓದಿಗೆ ಎಳ್ಳುನೀರು ಬಿಟ್ಟಂತೆಯೇ. ದುರ್ಗಾ ತನ್ನದೇ ಒಂದು ಉಪಾಯ ಮಾಡಿದಳು. ಮೊದಲು ಹಾಜರಿ ಮುಗಿಯಲಿ, ಪರೀಕ್ಷೆ ಹತ್ತಿರ ಬಂದಾಗ ಕೂತು ಕೇಳಿದರಾಯಿತು. ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಜೋಳ ಎಲ್ಲಿಗೆ ಹೋದೀತು, ಬೇಕಾದಾಗ ತೆಗೆದುಕೊಂಡರಾಯಿತು ಎಂದುಕೊಂಡಳು.

ಕೊನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗಲೇ ಪಾಠವೂ ಮುಗಿಯಿತು. ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿದವು. 'ಅಭಿನಂದನೆಗಳು! ನೀವು ಎಲ್ಲ ಪಾಠಗಳನ್ನು ಪೂರ್ಣಗೊಳಿಸಿದ್ದೀರಿ.'

"ಹೂವ ಉದರಾಕತ್ತಾವ ನೋಡವಾ! ಪಾಸಾದಿ ಹೌದಿಲ್ಲೋ?" ಮಾರೆವ್ವ ಬೊಚ್ಚುಬಾಯಿ ತುಂಬ ನಕ್ಕಳು.

ಗದ್ದಲ ಕೇಳಿ ಹನುಮವ್ವ ಒಳಗೆ ಬಂದಳು. ನೇರ ಜಗಲಿಯತ್ತ ಹೋಗಿ ಮೊಳೆಯಿಂದ ಇಯರ್‌ಫೋನ್ ತೆಗೆದು, ಸೆರಗಿನಿಂದ ಧೂಳು ಒರೆಸಿ ಸೊಸೆಯ ಮುಂದೆ ಹಿಡಿದಳು. "ನೀ ಕೆಲಸ ಬಿಡಲಿಲ್ಲ. ಇನ್ನ ನಾನೂ ನಿನ್ನ ಕೈ ಬಿಡಬಾರದು. ಪರೀಕ್ಷಾ ಮುಗಿಯೂತನ ರೊಟ್ಟಿ ನಾ ಬಡೀತೀನಿ. ಕುಂತು ಛಲೋತ್ನಂಗ ಕೇಳು."

ದುರ್ಗಾಳ ಕಣ್ಣು ತುಂಬಿ ಬಂತು. ಅತ್ತೆಯ ಬಗ್ಗೆ ಮನಸ್ಸಿನಲ್ಲಿ ಆಡಿಕೊಂಡದ್ದಕ್ಕೆಲ್ಲ ನಾಚಿಕೆಯಾಯಿತು. ಕೈ ತೊಳೆದು, ಒರೆಸಿಕೊಂಡು, ಕಿವಿಗೆ ಸಿಕ್ಕಿಸಿಕೊಂಡು ಮೊದಲನೆಯ ಪಾಠವನ್ನು ಒತ್ತಿದಳು. ಮೇಡಂ ಬರಲಿಲ್ಲ. ಬೀಗದ ಚಿತ್ರವೊಂದು ಬಂತು. 'ಕೋರ್ಸ್ ಪೂರ್ಣಗೊಂಡಿದೆ. ಪಾಠಗಳನ್ನು ಮತ್ತೆ ನೋಡಲಾಗದು.' ಎರಡನೆಯದನ್ನು ಒತ್ತಿದಳು, ಹತ್ತನೆಯದನ್ನು ಒತ್ತಿದಳು. ಎಲ್ಲಕ್ಕೂ ಅದೇ ಬೀಗ.

ಅದೇ ಕೋರ್ಸು ಕಟ್ಟಿದ್ದ ಯಲಬುರ್ಗಾದ ಗೆಳತಿ ಶಾಂಭವಿಗೆ ಫೋನು ಮಾಡಿದಳು.

"ಎಲ್ಲಾ ಓಡಿದ ಮ್ಯಾಲ ಮುಚ್ಚತಾರಲ್ಲ," ಎಂದಳು ಶಾಂಭವಿ. "ನೋಡಿದಂಗ ಬರಕೋರಿ, ಆಮ್ಯಾಲ ಸಿಗಂಗಿಲ್ಲ ಅಂತ ಮೇಡಂ ಹೇಳಿದ್ರಲ್ಲ."

"ಯಾವಾಗ ಹೇಳಿದ್ರ?"

"ಈ ಸಲದ ಮೊದಲ್ನೇ ಪಾಠದಾಗ, ಹೊಸಾ ನಿಯಮ ಅಂತ. ಯಾಕ, ನೀ ಕೇಳಲಿಲ್ಲೇನು?"

"ನೀ... ನೀ ಬರಕೊಂಡಿಯಲ್ಲ?"

"ನಾ ಎಲ್ಲಿ ಬರಕೊಳ್ಳಲೇ? ಮೊದಲ್ನೇದೊಂದ ಕೇಳೀನಿ. ಉಳಿದದ್ದೆಲ್ಲ ಮಗಳ ಕೈಯಾಗ ಕೊಟ್ಟು ಓಡಿಸೀನಿ. ನಿನ್ನ ಕೇಳಿದ್ರಾತು ಅಂತ ಇದ್ದೆ."

ಫೋನು ತಾನಾಗಿಯೇ ಮಡಿಲಿಗೆ ಜಾರಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಕಿವಿಯಲ್ಲಿ ಇಯರ್‌ಫೋನ್ ಇನ್ನೂ ಹಾಗೆಯೇ ಇತ್ತು. ಹೊರಗೆ ಹನುಮವ್ವ, "ಯಾರೂ ಒಳಗ ಗದ್ದಲ ಮಾಡಬ್ಯಾಡ್ರಿ, ನಮ್ಮ ಸೊಸಿ ಓದಾಕತ್ಯಾಳ" ಎಂದು ಯಾರನ್ನೋ ಗದರಿಸುತ್ತಿದ್ದಳು. ದುರ್ಗಾಳಿಗೆ ಎಲ್ಲಾದರೂ ಹೋಗಿ ಬಿದ್ದುಬಿಡಬೇಕೆನಿಸಿತು.

ಮಾರೆವ್ವ ಮೆಲ್ಲಗೆ ಸರಿದು ಬಂದು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇಷ್ಟ ದಿನಾ ಎದ್ರಿಗೆ ಕುಂತು ಆ ಅಕ್ಕೋರ ಮಾರಿ ನೋಡೀನಿ. ಪಾಪ, ಭಾಳ ಕಳಕಳಿಲೆ ಹೇಳ್ತಿದ್ರು. ಒಮ್ಮೊಮ್ಮೆ ನನ್ನ ನೋಡೇ ಹೇಳಾಕತ್ಯಾರೇನೋ ಅನಸ್ತಿತ್ತು. ಏನ ಹೇಳ್ತಿದ್ರವಾ ಅವರು? ನನಗೂ ಒಂದೀಟು ಹೇಳು."

ದುರ್ಗಾ ಮುದುಕಿಯ ಮುಖ ನೋಡಿದಳು. ದುರ್ಗಾಳ ತುಟಿಗಳು ಅಲುಗಾಡಿದವು. ಸದ್ದು ಬರಲಿಲ್ಲ.