ಹಲಸಿನ ಕುರ್ಚಿಯ ಹಿಂಗಾಲು

ಶಿವಪೂಜೆಗೆಂದು ಹೊಸ ಕುರ್ಚಿಯಲ್ಲಿ ಕೂತದ್ದೇ ತಡ, ಈರಮ್ಮ ಹಿಂದಕ್ಕೆ ವಾಲಿದಳು. ಮೊಮ್ಮಗಳು ಸುಧಾಮಣಿ ಓಡಿಬಂದು ಬೆನ್ನು ಹಿಡಿದಳು. “ನಿಮ್ಮಪ್ಪ ಪೂಜೆಗೆ ಮುಂಚೇನೆ ಕೈಲಾಸಕ್ಕೆ ಕಳಿಸ್ಬುಡ್ತಿದ್ದ ಕಣಮ್ಮಿ!” ಎಂದು ಅಜ್ಜಿ ನಕ್ಕಳು.

ಕುರ್ಚಿಯ ಹಿಂಗಾಲುಗಳು ಗಿಡ್ಡವಾಗಿದ್ದವು. ಮಂಡಿ ನೋಯುವ ಅಜ್ಜಿಗೆಂದು ಸುಧಾಮಣಿಯೇ ಅದರ ಚಿತ್ರ ಬರೆದುಕೊಟ್ಟಿದ್ದಳು. ಚಾಮರಾಜನಗರದ ಡಿಸೈನ್ ಕ್ಲಾಸಿನಲ್ಲಿ ಕಲಿಸಿದಂತೆ ದೂರದ ಹಿಂಗಾಲುಗಳನ್ನು ಚಿಕ್ಕದಾಗಿ ತೋರಿಸಿದ್ದಳು. ಬಡಗಿಯಾದ ಅಪ್ಪ ಗುರುಮಲ್ಲಯ್ಯ ಆ ಚಿತ್ರವನ್ನೇ ಅಳೆದು, ಹಿತ್ತಲ ಹಲಸಿನ ಮರದಲ್ಲಿ ಉಳಿದಿದ್ದ ಕೊನೆಯ ತುಂಡನ್ನು ಕೊಯ್ದಿದ್ದ.

“ಅದು ಕಣ್ಣಿಗೆ ಹಂಗೆ ಕಾಣ್ತದೆ ಅಷ್ಟೇ ಕಣಪ್ಪಾ. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದಳು ಸುಧಾಮಣಿ.

ಗುರುಮಲ್ಲಯ್ಯ ತಲೆ ತಗ್ಗಿಸಿದ. “ಕೇಳಕ್ಕೆ ಬಂದಿದ್ದೆ ಕಣವ್ವಾ. ‘ನಿಂಗೆ ಗೊತ್ತಾಗಕಿಲ್ಲ ಬುಡಪ್ಪ, ಬರ್ದಂಗೆ ಮಾಡು’ ಅಂದ್ಯಲ್ಲ.”

ಅಂದದ್ದು ಸುಧಾಮಣಿಗೆ ನೆನಪಾಯಿತು. ಹಾಗೆನ್ನುವಾಗ ಅವಳು ತಲೆ ಎತ್ತಿ ಅಪ್ಪನ ಮುಖವನ್ನೂ ನೋಡಿರಲಿಲ್ಲ.